ಕೊಡಗು ಅಂದ್ರೆ ಬರೀ ಮಡಿಕೇರಿ ಅಲ್ಲ: ಒಂದು ಪುಟ್ಟ ದೇಶ, ನಾಲ್ಕು ಬಾಗಿಲು

ಇವತ್ತಿನ ಸಂಚಿಕೆ ಕಾರು, ಬೈಕು, ಬಸ್ಸಿನಲ್ಲಿ ಊರು ಸುತ್ತೋರಿಗೆ. ಅದರಲ್ಲೂ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯಿಂದ ಕೇಳ್ತಿರೋರಿಗೆ. ಯಾಕಂದ್ರೆ ಶುಕ್ರವಾರ ಸಾಯಂಕಾಲ ಆದ್ರೆ ಸಾಕು, ಈ ಕಡೆಯ ಪಿಜಿಗಳಲ್ಲಿ, ಆಫೀಸಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ: ವೀಕೆಂಡ್ ಎಲ್ಲಿಗೆ? ಬಹಳ ಸಲ ಉತ್ತರವೂ ಒಂದೇ: ಕೂರ್ಗ್.

ಆಮೇಲೆ ನಡೆಯೋದು ನಿಮಗೆ ಗೊತ್ತೇ ಇದೆ. ರಾತ್ರಿ ಹೊರಟು ಬೆಳಗ್ಗೆ ಮಡಿಕೇರಿ. ರಾಜಾಸೀಟ್, ಅಬ್ಬಿ ಜಲಪಾತ, ಜೀಪಿನಲ್ಲಿ ಮಾಂದಲಪಟ್ಟಿ, ಬರ್ತಾ ದುಬಾರೆ, ನಿಸರ್ಗಧಾಮ. ಭಾನುವಾರ ರಾತ್ರಿ ವಾಪಸ್ ಬರುವಾಗ ಟ್ರಾಫಿಕ್. ಸೋಮವಾರ ಆಫೀಸಿನಲ್ಲಿ "ಕೂರ್ಗ್ ಮುಗಿಸ್ಕೊಂಡು ಬಂದ್ವಿ" ಅಂತ ಹೇಳೋದು.

ಈ "ಮುಗಿಸ್ಕೊಂಡು ಬಂದ್ವಿ" ಅನ್ನೋ ಮಾತಿದೆಯಲ್ಲ, ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಮೊದಲು ಸ್ವಲ್ಪ ದೂರದ ಒಂದು ಉದಾಹರಣೆ. ಯುರೋಪಿನಲ್ಲಿ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಲಾಟ್ವಿಯಾ ಅಂತ ಒಂದು ದೇಶ ಇದೆ. ನಮ್ಮ ಕರ್ನಾಟಕದಲ್ಲಿ ಹತ್ತಿರ ಹತ್ತಿರ ಮೂರು ಲಾಟ್ವಿಯಾ ಹಿಡಿಸುತ್ತೆ, ಅಷ್ಟು ಪುಟ್ಟದು. ಹೋದವರಲ್ಲಿ ಬಹಳ ಜನ ರಾಜಧಾನಿ ರೀಗಾ ನೋಡಿ ವಾಪಸ್ ಬಂದುಬಿಡ್ತಾರೆ. ಆದ್ರೆ ಆ ದೇಶದವರನ್ನ ಕೇಳಿದ್ರೆ ಕುರ್ಜೆಮೆ ಬೇರೆ, ವಿಡ್ಜೆಮೆ ಬೇರೆ, ಲಾಟ್ಗಾಲೆ ಬೇರೆ ಅಂತಾರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕೆರೆಗಳು. ಲಾಟ್ಗಾಲೆಯವರಿಗೆ ತಮ್ಮದೇ ಮಾತಿನ ಧಾಟಿ ಇದೆ. ಕಾರು ತಗೊಂಡು ಒಂದೊಂದು ಸೀಮೆಗೂ ಹೋದ್ರೆ ಮಾತ್ರ ದೇಶ ಕಾಣುತ್ತೆ, ರಾಜಧಾನಿಯಲ್ಲಿ ನಿಂತ್ರೆ ಕಾಣೋದು ರಾಜಧಾನಿ ಅಷ್ಟೇ.

ಕೊಡಗೂ ಹಾಗೇನೇ. ನಾನು ಅದನ್ನ ಪುಟ್ಟ ದೇಶ ಅಂತ ಕರೀತಿರೋದು ಸುಮ್ಮನೆ ಅಲ್ಲ. ಇದರ ವಿಸ್ತೀರ್ಣ ಸುಮಾರು 4,100 ಚದರ ಕಿಲೋಮೀಟರ್. ಯುರೋಪಿನ ಲಕ್ಸೆಂಬರ್ಗ್ ಅನ್ನೋ ದೇಶಕ್ಕಿಂತ ದೊಡ್ಡದು. ಹಾಲೇರಿ ವಂಶದ ಅರಸರು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಆಳಿದ್ರು. ಕೊಡವ ತಕ್ಕ್ ಮಾತಾಡೋ ಜನರ ನಡುವೆ ಲಿಂಗಾಯತ ಅರಸರು, ಆಡಳಿತದ ಭಾಷೆ ಕನ್ನಡ. 1834ರಲ್ಲಿ ಬ್ರಿಟಿಷರು ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕೊಡಗನ್ನ ತಮ್ಮ ಕೈಗೆ ತಗೊಂಡ್ರು. ಆ ಅರಸನ ಕಥೆಯನ್ನ ಕಾದಂಬರಿ ಮಾಡಿದ ಮಾಸ್ತಿಯವರು ಇದ್ದದ್ದು ನಮ್ಮ ಬಸವನಗುಡಿಯ ಗವಿಪುರದಲ್ಲೇ. ಅದೇ ಕಾದಂಬರಿಗೆ 1983ರ ಜ್ಞಾನಪೀಠ ಬಂತು.

ಸ್ವಾತಂತ್ರ್ಯ ಬಂದ ಮೇಲೂ ಕೊಡಗು ಬೇರೆಯೇ ರಾಜ್ಯ ಆಗಿತ್ತು. 1952ರಲ್ಲಿ ಅಲ್ಲಿ ಚುನಾವಣೆ ನಡೀತು. ವಿಧಾನಸಭೆಯಲ್ಲಿ ಇದ್ದದ್ದು 24 ಸೀಟು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಮೈಸೂರಿಗೆ ಸೇರಬಾರದು ಅಂತ ಹೇಳ್ತಿದ್ದ ಪಕ್ಷಕ್ಕೂ 9 ಸೀಟು ಬಂದಿತ್ತು, ಅದರ ನಾಯಕರು ಪಂದ್ಯಂಡ ಬೆಳ್ಯಪ್ಪ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅಂದ್ರೆ ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಕುಶಾಲನಗರದ ಸೇತುವೆ ದಾಟಿದ್ರೆ ಇನ್ನೊಂದು ರಾಜ್ಯ.

ಈಗ ದಾರಿಗೆ ಬರೋಣ. ಕೊಡಗಿನಲ್ಲಿ ರೈಲು ಇಲ್ಲ. ಜಿಲ್ಲೆಯ ಒಳಗೆ ಒಂದೇ ಒಂದು ರೈಲ್ವೆ ಸ್ಟೇಷನ್ ಇಲ್ಲ. ಹಾಗಾಗಿ ಕೊಡಗನ್ನ ನೋಡಬೇಕು ಅಂದ್ರೆ ರಸ್ತೆಯೇ ಗತಿ. ಒಳಗೆ ಹೋಗೋ ರಸ್ತೆಗಳು ಹಲವು. ಸುಲಭಕ್ಕೆ ನಾಲ್ಕು ದಿಕ್ಕಿನ ನಾಲ್ಕು ಬಾಗಿಲು ಅಂದುಕೊಳ್ಳಿ. ಯಾವ ಬಾಗಿಲಿಂದ ಒಳಗೆ ಹೋಗ್ತೀರಿ ಅನ್ನೋದರ ಮೇಲೆ ನಿಮಗೆ ಸಿಗೋ ಕೊಡಗು ಬೇರೆ.

ಮೊದಲನೇದು ಪೂರ್ವದ ಬಾಗಿಲು, ಕುಶಾಲನಗರ. ನಮ್ಮಲ್ಲಿ ಬಹಳ ಜನ ಹೋಗೋದು ಇದರಿಂದಲೇ. ಬನಶಂಕರಿ ಕಡೆಯಿಂದ ನೈಸ್ ರಸ್ತೆ ಹಿಡಿದು ಮೈಸೂರು ಎಕ್ಸ್‌ಪ್ರೆಸ್‌ವೇ, ಶ್ರೀರಂಗಪಟ್ಟಣ, ಆಮೇಲೆ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ. ಬೈಕಿನವರು ಒಂದು ವಿಷಯ ನೆನಪಿಡಿ: 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶ ಇಲ್ಲ. ಸರ್ವಿಸ್ ರೋಡಲ್ಲೇ ಹೋಗಬೇಕು, ಅದಕ್ಕೆ ತಕ್ಕ ಹಾಗೆ ಸಮಯ ಇಟ್ಟುಕೊಳ್ಳಿ.

ಹುಣಸೂರು, ಪಿರಿಯಾಪಟ್ಟಣದ ಸುತ್ತ ಹೊಗೆಸೊಪ್ಪಿನ ಹೊಲ ಕಾಣುತ್ತೆ. ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿದ್ದಾರೆ. ಅದು ಇನ್ನೂ ಮೈಸೂರು ಜಿಲ್ಲೆ. ಕಾವೇರಿ ದಾಟಿದ್ರೆ ಕುಶಾಲನಗರ, ಅಲ್ಲಿಂದ ಕೊಡಗು. ಈ ಭಾಗ ಬಯಲು. ಮಳೆ ಕಡಿಮೆ, ಗದ್ದೆ, ಜೋಳ. ಹೋಟೆಲಿನಲ್ಲಿ ಮುದ್ದೆ ಸಿಗುತ್ತೆ, ಜನ ಮೈಸೂರು ಕನ್ನಡ ಮಾತಾಡ್ತಾರೆ. ಸ್ವಲ್ಪ ದೂರದ ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಗೆ ಸೇರುತ್ತೆ. ನಾವು ಸಾಮಾನ್ಯವಾಗಿ ಈ ಊರನ್ನ ಡೀಸೆಲ್ ಹಾಕಿಸೋಕೆ ನಿಲ್ಲಿಸೋ ಜಾಗ ಅಂದುಕೊಂಡಿದ್ದೀವಿ. ಈಗ ಇದು ಒಂದು ತಾಲೂಕು ಕೇಂದ್ರ.

ಇದೇ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟ ಅಂತ ಎರಡು ಊರಿವೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿ ಅನ್ನೋ ಕಾಡಂಚಿನ ಜಾಗದಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲನ್ನ ತೆರವು ಮಾಡಿದ್ರು. ಎಷ್ಟೋ ಜನ ಅದಕ್ಕೂ ಮುಂಚೆ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಇದ್ದವರು. ದೊಡ್ಡ ಹೋರಾಟ ಆಯ್ತು, ಕೊನೆಗೆ ಪುನರ್ವಸತಿ ಕೊಟ್ಟದ್ದು ಈ ಊರುಗಳಲ್ಲಿ. ಯರವರು, ಜೇನುಕುರುಬರು, ಇವರೂ ಕೊಡಗಿನವರೇ. ನಾವು ಕುಡಿಯೋ ಕಾಫಿಯ ಹಣ್ಣು ಕೀಳೋ ಕೈ ಬಹಳ ಕಡೆ ಇವರದ್ದೇ. ಟೂರಿಸ್ಟ್ ಮ್ಯಾಪಿನಲ್ಲಿ ಇದ್ಯಾವುದೂ ಇರಲ್ಲ.

ಎರಡನೇದು ಉತ್ತರದ ಬಾಗಿಲು, ಶನಿವಾರಸಂತೆ. ಇದಕ್ಕೆ ಮೈಸೂರು ರಸ್ತೆ ಬೇಡ. ನೈಸ್ ರಸ್ತೆಯಲ್ಲಿ ತುಮಕೂರು ರಸ್ತೆ ತಲುಪಿ ನೆಲಮಂಗಲದಿಂದ ಹಾಸನದ ಹೆದ್ದಾರಿ ಹಿಡೀರಿ. ಚನ್ನರಾಯಪಟ್ಟಣದ ಹತ್ರ ತಿರುಗಿ ಹೊಳೆನರಸೀಪುರ, ಅರಕಲಗೂಡು ಮೂಲಕ ಶನಿವಾರಸಂತೆ, ಅಲ್ಲಿಂದ ಸೋಮವಾರಪೇಟೆ. ಊರಿನ ಹೆಸರುಗಳನ್ನೇ ನೋಡಿ: ಶನಿವಾರದ ಸಂತೆ, ಸೋಮವಾರದ ಪೇಟೆ. ವ್ಯಾಪಾರದ ದಿನವೇ ಊರಿನ ಹೆಸರಾಗಿ ಉಳಿದಿದೆ.

ಇಲ್ಲಿ ಮಾತು ಕನ್ನಡ, ಹಾಸನ ಮಲೆನಾಡಿನ ಧಾಟಿ. ಲಿಂಗಾಯತರು, ಗೌಡರು ಹೆಚ್ಚು. ಎತ್ತರದ ಜಾಗ ಆದ್ದರಿಂದ ಅರೇಬಿಕಾ ಕಾಫಿ ಚೆನ್ನಾಗಿ ಬರುತ್ತೆ. ಮಲ್ಲಳ್ಳಿ ಜಲಪಾತ ಇರೋದು ಈ ಕಡೆ. ಅಲ್ಲಿ ಧುಮುಕೋದು ಕುಮಾರಧಾರಾ. ಈ ನದಿ ಕಾವೇರಿಗೆ ಸೇರಲ್ಲ. ಪಶ್ಚಿಮಕ್ಕೆ ಇಳಿದು ಕುಕ್ಕೆ ಸುಬ್ರಹ್ಮಣ್ಯದ ಹತ್ರ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತೆ. ಅಂದ್ರೆ ಒಂದೇ ಜಿಲ್ಲೆಯಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಬಂಗಾಳಕೊಲ್ಲಿಗೆ, ಇನ್ನೊಂದು ಪಾಲು ಅರಬ್ಬಿ ಸಮುದ್ರಕ್ಕೆ. ಒಂದು ಎಚ್ಚರಿಕೆ: ಮಲ್ಲಳ್ಳಿಯಲ್ಲಿ ಬಂಡೆ ತುಂಬಾ ಜಾರುತ್ತೆ. ಮೇಲಿಂದ ನೋಡಿ, ನೀರಿಗೆ ಇಳೀಬೇಡಿ.

ಮೂರನೇದು ದಕ್ಷಿಣದ ಬಾಗಿಲು. ಹುಣಸೂರಿಂದ ಎಡಕ್ಕೆ ತಿರುಗಿದ್ರೆ ಕಾಡಿನ ರಸ್ತೆ, ತಿತಿಮತಿ, ಆಮೇಲೆ ಗೋಣಿಕೊಪ್ಪ. ಇದು ಹಿಂದೆ ಕಿಗ್ಗಟ್ಟುನಾಡು ಅಂತ ಕರೀತಿದ್ದ ಸೀಮೆ. ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ, ಕೊನೆಗೆ ಕೇರಳದ ಗಡಿಯ ಕುಟ್ಟ. ಕೊಡವ ತಕ್ಕ್ ಅಂಗಡಿಯಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ಕೇಳಬೇಕು ಅಂದ್ರೆ ಈ ಕಡೆ ಬನ್ನಿ. 2011ರ ಜನಗಣತಿಯಲ್ಲಿ ಇದನ್ನ ಮಾತೃಭಾಷೆ ಅಂತ ಬರೆಸಿದವರು ಸುಮಾರು 1 ಲಕ್ಷದ 13 ಸಾವಿರ ಜನ ಮಾತ್ರ. ಜೊತೆಗೆ ಮಲಯಾಳಂ, ಯರವ ಭಾಷೆ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತೆ. ಊಟಕ್ಕೆ ಕಡಂಬುಟ್ಟು, ನೂಲ್‌ಪುಟ್ಟು, ಕಾಚಂಪುಳಿ ಹಾಕಿದ ಪಂದಿ ಕರಿ.

ವಿರಾಜಪೇಟೆಗೆ ಆ ಹೆಸರು ಬಂದದ್ದು ದೊಡ್ಡವೀರರಾಜೇಂದ್ರ ಅರಸನಿಂದ. ಊರು ಕಟ್ಟಿಸಿದ್ದು 1792ರಲ್ಲಿ. ಅಲ್ಲಿನ ಸಂತ ಅನ್ನಮ್ಮ ಚರ್ಚ್‌ನ ಇತಿಹಾಸವೂ ಅದೇ ವರ್ಷದಿಂದ ಶುರು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೊಲಿಕರಿಗೆ ಅರಸ ಆಶ್ರಯ ಕೊಟ್ಟದ್ದು ಇಲ್ಲಿ. ಕುಟ್ಟದ ಹತ್ರ ಇರ್ಪು ಜಲಪಾತ, ಅದು ಲಕ್ಷ್ಮಣತೀರ್ಥ ನದಿ. ಈ ಭಾಗದಲ್ಲಿ ರೊಬಸ್ಟಾ ಕಾಫಿ ಜಾಸ್ತಿ. ಆನೆಗಳೂ ಜಾಸ್ತಿ. ತೋಟದ ಕೆಲಸಕ್ಕೆ ಹೋದವರು ಆನೆ ದಾಳಿಗೆ ಸಿಕ್ಕಿ ಸತ್ತ ಸುದ್ದಿ ಇಲ್ಲಿಂದ ಆಗಾಗ ಬರ್ತಾನೇ ಇರುತ್ತೆ. ಹಾಗಾಗಿ ಕತ್ತಲಾಗೋ ಮುಂಚೆ ಉಳಿಯೋ ಜಾಗ ಸೇರಿಬಿಡಿ. ನಾಗರಹೊಳೆ ಕಾಡಿನ ಒಳಗಿನ ರಸ್ತೆಗಳಲ್ಲಿ ರಾತ್ರಿ ಗೇಟ್ ಮುಚ್ಚುತ್ತಾರೆ, ಅದನ್ನೂ ವಿಚಾರಿಸಿಕೊಂಡು ಹೊರಡಿ.

ನಾಲ್ಕನೇದು ಪಶ್ಚಿಮದ ಬಾಗಿಲು, ಸಂಪಾಜೆ. ನಮ್ಮ ಕಡೆಯಿಂದ ಹೋಗೋರಿಗೆ ಇದು ಹಿಂಬಾಗಿಲು. ಮಡಿಕೇರಿ ದಾಟಿ ಮದೆನಾಡು, ಜೋಡುಪಾಲ, ಕೊಯನಾಡು ಅಂತ ಘಾಟಿ ಇಳೀಬೇಕು. ಇಳೀತಾ ಇಳೀತಾ ಕಾಫಿ ಹೋಗಿ ಅಡಿಕೆ, ರಬ್ಬರ್ ಬರುತ್ತೆ. ಸೆಖೆ ಶುರುವಾಗುತ್ತೆ. ಇಲ್ಲಿನ ಗೌಡರ ಮಾತು ಅರೆಭಾಷೆ, ಸುಳ್ಯದವರದ್ದೂ ಅದೇ. ಇದಕ್ಕೂ ಕೊಡವ ಭಾಷೆಗೂ ಸರ್ಕಾರದ ಬೇರೆ ಬೇರೆ ಅಕಾಡೆಮಿ ಇವೆ. ಸಂಪಾಜೆಯ ಪಯಸ್ವಿನಿ ಹೊಳೆ ಸುಳ್ಯ ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿ ಅನ್ನೋ ಹೆಸರಲ್ಲಿ ಸಮುದ್ರ ಸೇರುತ್ತೆ. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯ ದಂಗೆಯ ಜನ ಮಂಗಳೂರಿನ ತನಕ ಹೋಗಿದ್ದು ಈ ಸೀಮೆಯಿಂದಲೇ. ಆ ದಂಗೆಯ ಗುಡ್ಡೆಮನೆ ಅಪ್ಪಯ್ಯ ಗೌಡರನ್ನ ಅದೇ ವರ್ಷ ಮಡಿಕೇರಿ ಕೋಟೆಯ ಹತ್ರ ಗಲ್ಲಿಗೇರಿಸಿದ್ರು. ಕೋಟೆ ಮುಂದೆ ಸೆಲ್ಫಿ ತಗೊಳ್ಳುವಾಗ ಇದು ನೆನಪಿರಲಿ.

ಮಡಿಕೇರಿಯಿಂದ ಇನ್ನೊಂದು ರಸ್ತೆ ಭಾಗಮಂಡಲಕ್ಕೆ, ಅಲ್ಲಿಂದ 8 ಕಿಲೋಮೀಟರ್ ಮೇಲೆ ತಲಕಾವೇರಿ. ನಾಪೋಕ್ಲು ಕಡೆ ತಿರುಗಿದ್ರೆ ಕಕ್ಕಬ್ಬೆ. ಅಲ್ಲಿ ಕೊಡವರ ಮುಖ್ಯ ದೈವ ಇಗ್ಗುತಪ್ಪನ ದೇವಸ್ಥಾನ, ಅರಸರ ನಾಲ್ಕುನಾಡು ಅರಮನೆ, ಮೇಲೆ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್. ಎತ್ತರ 1,748 ಮೀಟರ್.

ನೋಡಿ, ನಾಲ್ಕು ದಿಕ್ಕಿಗೆ ನಾಲ್ಕು ಥರ ಮಾತು, ಬೇರೆ ಬೇರೆ ಊಟ, ಬೇರೆ ಬೇರೆ ಹೊಳೆ. ಕೊಡಗಿನವರಿಗೆ ಇದು ಹೊಸ ವಿಷಯ ಅಲ್ಲ. ಅವರ ಕೌಟುಂಬಿಕ ಹಾಕಿ ಹಬ್ಬವನ್ನೇ ತಗೊಳ್ಳಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡ ಸೇರಿಸಿ ಶುರು ಮಾಡಿದ್ದು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆ ಆಯ್ತು. ಪ್ರತಿ ವರ್ಷ ಒಂದೊಂದು ಮನೆತನ ಅದನ್ನ ನಡೆಸುತ್ತೆ. ಒಂದೇ ಊರಿನಲ್ಲಿ ಬೇರೂರಿದ ಹಬ್ಬ ಅಲ್ಲ ಅದು, ಊರಿಂದ ಊರಿಗೆ ಹೋಗುತ್ತೆ. ನಾವು ಮಾತ್ರ ಪ್ರತಿ ಸಲ ಅದೇ ರಾಜಾಸೀಟಿಗೆ ಹೋಗ್ತೀವಿ.

"ಹೋದ್ರೆ ಏನೀಗ? ಚೆನ್ನಾಗಿದೆ, ಹೋಗ್ತೀವಿ" ಅನ್ನಬಹುದು ನೀವು. ಸರಿ, ಆದ್ರೆ 2018ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಸ್ವಾತಂತ್ರ್ಯ ದಿನದ ಆಸುಪಾಸು ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಹೆಮ್ಮೆತ್ತಾಳು, ಈ ಕಡೆಯಲ್ಲೆಲ್ಲ ಬೆಟ್ಟ ಜಾರಿತು. ಜನ ಸತ್ರು. ಮನೆ, ತೋಟ, ಗದ್ದೆ ಮಣ್ಣಿನಡಿ ಹೋಯ್ತು. ಮಡಿಕೇರಿ ಮಂಗಳೂರು ರಸ್ತೆ ವಾರಗಟ್ಟಲೆ ಬಂದ್. ಮನೆ ಕಳಕೊಂಡವರಿಗೆ ಜಂಬೂರು, ಮದೆನಾಡು ಕಡೆ ಹೊಸ ಮನೆ ಕಟ್ಟಿಕೊಡಬೇಕಾಯ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಬೆಟ್ಟ ಕುಸಿದು ಅರ್ಚಕರ ಮನೆಯವರು ಜೀವ ಕಳಕೊಂಡ್ರು.

ಮೂಲ ಕಾರಣ ವಿಪರೀತ ಮಳೆ, ನಿಜ. ಆದ್ರೆ ಮನೆಗೆ, ರಸ್ತೆಗೆ, ಲಾಡ್ಜಿಗೆ ಅಂತ ಕಡಿದಾದ ಇಳಿಜಾರನ್ನ ಅಡ್ಡ ಕತ್ತರಿಸಿದ್ದು ಮಣ್ಣಿನ ಹಿಡಿತವನ್ನ ಸಡಿಲ ಮಾಡಿತು ಅಂತ ಭೂವಿಜ್ಞಾನಿಗಳು ಹೇಳಿದ್ರು. ಇಳಿಜಾರಿನ ಬುಡ ಕತ್ತರಿಸಿದ್ರೆ ಮೇಲಿನ ಮಣ್ಣಿಗೆ ಆಸರೆ ಇರಲ್ಲ. ಮಳೆನೀರು ಕುಡಿದು ಭಾರ ಆದ ಮಣ್ಣು ಒಂದು ದಿನ ಇಳಿದುಬಿಡುತ್ತೆ. ಒಂದೇ ಊರಿಗೆ ಎಲ್ಲರೂ ಹೋದ್ರೆ ಆ ಊರಿನ ಗುಡ್ಡದಲ್ಲೇ ಇನ್ನಷ್ಟು ರೂಮು, ಇನ್ನಷ್ಟು ಪಾರ್ಕಿಂಗು, ಇನ್ನಷ್ಟು ರಸ್ತೆ ಬೇಕಾಗುತ್ತೆ.

ಹಾಗಂತ ಕೊಡಗಿಗೆ ಹೋಗಲೇಬೇಡಿ ಅಂತ ನಾನು ಹೇಳ್ತಿಲ್ಲ. ಕಾಫಿ, ಮೆಣಸಿನ ಬೆಲೆ ಬಿದ್ದ ವರ್ಷಗಳಲ್ಲಿ ಹೋಂಸ್ಟೇ ದುಡ್ಡಿನಿಂದಲೇ ಮನೆ ನಡೆಸಿದ ಕುಟುಂಬಗಳು ಅಲ್ಲಿ ತುಂಬಾ ಇವೆ. ಹೋಗಿ, ಆದ್ರೆ ಹಂಚಿಕೊಂಡು ಹೋಗಿ.

ಇನ್ನೊಂದು ಪ್ರಶ್ನೆ ಬರುತ್ತೆ: ಎಲ್ಲರೂ ಸೋಮವಾರಪೇಟೆಗೆ ಹೊರಟ್ರೆ ಅದೂ ಇನ್ನೊಂದು ಮಡಿಕೇರಿ ಆಗಲ್ವಾ? ಆಗುತ್ತೆ, ನಾವು ಹೋಗೋ ರೀತಿ ಬದಲಾಗದಿದ್ರೆ. ಅದಕ್ಕೆ ಕೆಲವು ಮಾತು.

ಒಂದು, ಎರಡು ದಿನ ಇದ್ರೆ ಒಂದೇ ದಿಕ್ಕು. ಒಂದು ಊರಲ್ಲಿ ಉಳ್ಕೊಂಡು ಅಲ್ಲೇ ಸುತ್ತಿ. ಸ್ಪಾಟ್ ಲೆಕ್ಕ ಹಾಕ್ತಾ ಜಿಲ್ಲೆಯ ಈ ತುದಿಯಿಂದ ಆ ತುದಿಗೆ ಓಡಬೇಡಿ. ಘಾಟಿ ರಸ್ತೆಯಲ್ಲಿ 30 ಕಿಲೋಮೀಟರ್‌ಗೆ ಒಂದು ಗಂಟೆ ಹಿಡಿಯುತ್ತೆ, ಗೂಗಲ್ ಮ್ಯಾಪ್ ಏನೇ ಹೇಳಲಿ.

ಎರಡು, ಕಾಲ ನೋಡಿ ಹೋಗಿ. ಅರೇಬಿಕಾ ಕೊಯ್ಲು ನೋಡಬೇಕಾದ್ರೆ ನವೆಂಬರ್, ಡಿಸೆಂಬರ್‌ನಲ್ಲಿ ಉತ್ತರಕ್ಕೆ. ರೊಬಸ್ಟಾ ಕೊಯ್ಲು ಜನವರಿ, ಫೆಬ್ರುವರಿಯಲ್ಲಿ ದಕ್ಷಿಣಕ್ಕೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಬಿದ್ದ ಒಂದು ವಾರದ ಆಸುಪಾಸಲ್ಲಿ ಕಾಫಿ ಹೂವು ಬಿಡುತ್ತೆ, ಇಡೀ ತೋಟ ಮಲ್ಲಿಗೆ ಥರ ಘಮ್ ಅನ್ನುತ್ತೆ. ಜುಲೈ, ಆಗಸ್ಟ್‌ನಲ್ಲಿ ರೆಡ್ ಅಲರ್ಟ್ ಕೊಟ್ಟಾಗ "ಮಳೆ ಮಜಾ" ಅಂತ ಹೊರಡಬೇಡಿ. ಆ ಹೊತ್ತಿಗೆ ಅಲ್ಲಿನ ಪೊಲೀಸರಿಗೆ, ಅಗ್ನಿಶಾಮಕದವರಿಗೆ ಬೇರೆ ಕೆಲಸ ಇರುತ್ತೆ.

ಮೂರು, ಬಸ್ಸು. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಮಡಿಕೇರಿ, ವಿರಾಜಪೇಟೆ ಕಡೆಗೆ ಕೆಎಸ್‌ಆರ್‌ಟಿಸಿ ಬಸ್ ಇದೆ. ಕೊಡಗಿನ ಒಳಗೆ ಊರಿಂದ ಊರಿಗೆ ಖಾಸಗಿ ಬಸ್ ಓಡ್ತವೆ. ಆ ಬಸ್ಸಿನಲ್ಲಿ ಒಂದು ಗಂಟೆ ಕೂತ್ರೆ ಮೂರು ಭಾಷೆ ಕೇಳಿಸುತ್ತೆ. ಕಾರಿನ ಗಾಜು ಏರಿಸಿಕೊಂಡ್ರೆ ನಮ್ಮ ಪ್ಲೇಲಿಸ್ಟ್ ಮಾತ್ರ ಕೇಳಿಸುತ್ತೆ.

ನಾಲ್ಕು, ಐನ್‌ಮನೆ ಕಂಡ್ರೆ ಒಳಗೆ ನುಗ್ಗಬೇಡಿ. ಅದು ಒಂದು ಒಕ್ಕದ ಹಿರೀಕರ ಮನೆ, ಅವರ ಪೂಜೆ, ಹಬ್ಬ ನಡೆಯೋ ಜಾಗ. ಕೇಳಿ, ಒಪ್ಪಿದ್ರೆ ನೋಡಿ. ತೋಟವೂ ಅಷ್ಟೇ, ಬೇಲಿ ಇಲ್ಲ ಅಂದ್ರೆ ಸಾರ್ವಜನಿಕ ಜಾಗ ಅಂತ ಅರ್ಥ ಅಲ್ಲ. ಹೋಂಸ್ಟೇ ಬುಕ್ ಮಾಡುವಾಗ ನೋಂದಣಿ ಆಗಿದೆಯಾ ಅಂತ ಕೇಳಿ. ತಂದ ಪ್ಲಾಸ್ಟಿಕ್ ಬಾಟಲ್ ವಾಪಸ್ ತನ್ನಿ.

ಇನ್ನೊಂದು ವಿಷಯ, ಇದು ದಕ್ಷಿಣ ಬೆಂಗಳೂರಿನವರಿಗೆ ತೀರಾ ಹತ್ತಿರದ್ದು. 1974ರಿಂದ ಬೆಂಗಳೂರಿಗೆ ಕಾವೇರಿ ನೀರು ಬರ್ತಿದೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್, ಹಾರೋಹಳ್ಳಿ, ತಾತಗುಣಿ ಪಂಪಿಂಗ್ ಸ್ಟೇಷನ್ ದಾಟಿ ನಮ್ಮ ಕನಕಪುರ ರಸ್ತೆಯ ಕಡೆಯಿಂದಲೇ ಊರೊಳಗೆ ಬರುತ್ತೆ. ಜಯನಗರದ, ಬನಶಂಕರಿಯ ನಲ್ಲಿಯಲ್ಲಿ ಬೀಳೋ ನೀರಿನಲ್ಲಿ ಭಾಗಮಂಡಲದ ಮಳೆ ಇದೆ, ಹಾರಂಗಿಯ ನೀರಿದೆ, ಇರ್ಪುವಿನಿಂದ ಇಳಿದು ಕೆಆರ್‌ಎಸ್ ಸೇರೋ ಲಕ್ಷ್ಮಣತೀರ್ಥದ ನೀರೂ ಇದೆ. ಆ ಗುಡ್ಡಗಳು ನೀರು ಹಿಡಿದಿಟ್ಟುಕೊಂಡ್ರೆ ಬೇಸಿಗೆಯಲ್ಲಿ ನಮಗೆ ನೀರು. ಜಾರಿ ಹೋದ್ರೆ ಮೊದಲ ಪೆಟ್ಟು ಅಲ್ಲಿನವರಿಗೆ, ಆಮೇಲೆ ನಮಗೆ.

ಹಾಗಾಗಿ ಮುಂದಿನ ಸಲ ಗ್ರೂಪಿನಲ್ಲಿ ಯಾರಾದ್ರೂ "ಕೂರ್ಗ್" ಅಂತ ಮೆಸೇಜ್ ಹಾಕಿದ್ರೆ ಒಂದೇ ಪ್ರಶ್ನೆ ಕೇಳಿ: ಯಾವ ಕೂರ್ಗ್? ಕುಶಾಲನಗರದ್ದಾ, ಸೋಮವಾರಪೇಟೆಯದ್ದಾ, ಕಿಗ್ಗಟ್ಟುನಾಡಿನದ್ದಾ, ಸಂಪಾಜೆಯದ್ದಾ? ಒಂದನ್ನ ಆರಿಸಿಕೊಳ್ಳಿ. ಉಳಿದ ಮೂರು ಮುಂದಿನ ವರ್ಷಗಳಿಗೆ ಇರಲಿ, ಅವು ಎಲ್ಲಿಗೂ ಓಡಿಹೋಗಲ್ಲ.

ನೀವು ಹೋಗಿ ಬಂದ ದಿಕ್ಕು ಯಾವುದು, ಅಲ್ಲಿ ಯಾವ ಮಾತು ಕೇಳಿದ್ರಿ, ಏನು ತಿಂದ್ರಿ ಅಂತ ನಮಗೆ ಬರೆದು ಕಳಿಸಿ. ಮತ್ತೆ ಸಿಗೋಣ. ಹೆಲ್ಮೆಟ್ ಹಾಕ್ಕೊಳ್ಳಿ, ಘಾಟಿಯಲ್ಲಿ ನಿಧಾನ. ನಮಸ್ಕಾರ.